ಹೆಪ್ಪುಮಂಜಿನ ಮೇಲೆ ಇಪ್ಪತ್ತಾರು ಜೊತೆ ಹೆಜ್ಜೆ

ಕಿಲ್‌ಡೌರಿಯಲ್ಲಿ ನವೆಂಬರ್ ಬಂತೆಂದರೆ ಮಸೆಯುವ ಕಾಲ. ಗಾಲ್ಫ್ ಮೈದಾನದ ತಗಡಿನ ಕೊಟ್ಟಿಗೆಯೊಳಗೆ ಇಶ್‌ಬೆಲ್ ಟಲಕ್ ಹುಲ್ಲು ಕತ್ತರಿಸುವ ಯಂತ್ರಗಳನ್ನೆಲ್ಲ ಬಿಚ್ಚಿ ಹರವಿಕೊಂಡು ಅಲಗು ಮಸೆಯುತ್ತಾಳೆ. ಹೊರಗೆ, ಕಡಲಗಾಳಿಯಲ್ಲಿ, ಮರಳಿನ ಬಂಕರೊಂದರೊಳಗೆ ಮೊಣಕಾಲೂರಿ ಕೂತ ಗಿಬ್ ಇಮ್ರಿ ಹಲ್ಲು ಮಸೆಯುತ್ತಾನೆ. ಇಶ್‌ಬೆಲ್‌ಳ ಕೆಲಸ ಫೆಬ್ರವರಿಗೆ ಮುಗಿಯುತ್ತದೆ. ಗಿಬ್‌ನದು ಹಿಂದಿನ ವರ್ಷದಿಂದ ಮುಗಿದಿರಲಿಲ್ಲ.

ಚಳಿಗಾಲದಲ್ಲಿ ಮೈದಾನದವರಿಗೆ ಏನು ಕೆಲಸ, ಹುಲ್ಲೇ ಬೆಳೆಯುವುದಿಲ್ಲವಲ್ಲ ಎಂದು ಊರಿನ ಬೇಕರಿಯಲ್ಲಿ ಯಾರಾದರೂ ಕೇಳಿದರೆ ಗಿಬ್ ತನ್ನ ಎರಡೂ ಅಂಗೈಗಳನ್ನು ಗಾಜಿನ ಪೆಟ್ಟಿಗೆಯ ಮೇಲೆ, ಬಿಸಿ ಪೈಗಳ ಪಕ್ಕದಲ್ಲಿ, ಬಿಡಿಸಿ ಇಡುತ್ತಿದ್ದ. ಅವುಗಳ ಬಿರುಕುಗಳೊಳಗೆ ಮೈದಾನದ ಅರ್ಧ ಮರಳು ಇರುತ್ತಿತ್ತು. ಬಂಕರೆಂದರೆ ಆಟಗಾರರ ಚೆಂಡು ಸಿಕ್ಕಿಬೀಳಲೆಂದೇ ತೋಡಿದ ಮರಳುಗುಂಡಿ; ಅದರ ಗೋಡೆಯನ್ನು ಹುಲ್ಲುಹೆಂಟೆಯಿಂದ ಕಟ್ಟಬೇಕು. ಇಟ್ಟಿಗೆಯಂತೆ ಕತ್ತರಿಸಿದ ಹೆಂಟೆ, ಒಂದರ ಮೇಲೊಂದು, ಪ್ರತಿ ಸಾಲೂ ಬೆರಳಗಲ ಹಿಂದಕ್ಕೆ. ಒಂದು ಗೋಡೆಗೆ ಮೂವತ್ತು, ನಲವತ್ತು ಸಾಲು. ಕಡಲ ಉಪ್ಪು ಐದೇ ವರ್ಷದಲ್ಲಿ ಅದನ್ನು ತಿಂದುಹಾಕುತ್ತದೆ, ಆಮೇಲೆ ಮತ್ತೆ ಮೊದಲಿಂದ. ನಡುವೆ ಮುಳ್ಳುಪೊದೆ ಸವರಬೇಕು, ಚರಂಡಿ ಎತ್ತಬೇಕು, ನೆಲಕ್ಕೆ ಸಲಾಕೆ ಚುಚ್ಚಿ ಉಸಿರು ಕೊಡಬೇಕು. ಬೇಸಿಗೆಯ ಆಟವೆಲ್ಲ ನಿಂತಿರುವುದು ಚಳಿಗಾಲದ ಈ ಬೆನ್ನುನೋವಿನ ಮೇಲೆ.

ಗಿಬ್ ಬಂದರಿನ ಓಣಿಯವನು. ಅಪ್ಪ ಮೀನು ಹಿಡಿಯುತ್ತಿದ್ದ. ಮೀನು ಮುಗಿದ ಮೇಲೆ ಮೀನಿನ ಮಾತು ಹಿಡಿದ. ಮಗ ಹದಿನಾರಕ್ಕೆ ಮೈದಾನ ಸೇರಿ, ಚೂರಿ ಹಿಡಿದು ಗ್ರೀನುಗಳ ಮೇಲೆ ತೆವಳುತ್ತ ಕಳೆ ಕಿತ್ತ. ಗ್ರೀನ್ ಎಂದರೆ ಕುಳಿಯ ಸುತ್ತ ಜಮಖಾನದಂತೆ ಕತ್ತರಿಸಿದ ಹುಲ್ಲು; ಹದಿನೆಂಟು ಕುಳಿಗೆ ಹದಿನೆಂಟು. ನಲವತ್ತೆರಡು ವರ್ಷ ಕಳೆದ ಮೇಲೆ ಅವನಿಗೆ ಆ ಹದಿನೆಂಟೂ ಮಕ್ಕಳ ಹಾಗೆ. ಆರನೆಯದಕ್ಕೆ ಶೀತದ ಪ್ರಕೃತಿ, ಒಂಬತ್ತನೆಯದು ಹಟಮಾರಿ, ಹದಿನೆಂಟನೆಯದು ಮುದ್ದಿನ ಕೊನೆಕೂಸು. ಹದಿನೆಂಟನೆಯದನ್ನು ಅವನು ಮೈದಾನದ ಕೆಲಸದವರಿಗೆ ಮುಖ್ಯಸ್ಥನಾದ ವರ್ಷ ತಾನೇ ಅಗೆದು, ಹಾಸಿ, ಬಿತ್ತಿ ಬೆಳೆಸಿದ್ದ. ಹಸಿರಿನಿಂದಲೇ ಹೆಸರು ಮಾಡಿದ ಮನುಷ್ಯ.

ಆ ಹೆಸರಿಗೊಂದು ಗುರುತಿತ್ತು: ಬಲೆಯ ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡ ಒಂದು ಹಿತ್ತಾಳೆ ಕೀಲಿಕೈ. ಮೊದಲ ಕುಳಿಯ ಪಕ್ಕದ ಮರದ ಪೆಟ್ಟಿಗೆಯದು. ಪೆಟ್ಟಿಗೆಯೊಳಗೆ ಕೆಂಪು ಬಾವುಟ. ನೆಲ ಹೆಪ್ಪುಗಟ್ಟಿದ ಬೆಳಗ್ಗೆ ಆ ಬಾವುಟ ಕಂಬಕ್ಕೇರಿತೆಂದರೆ ಅಂದು ಯಾರೂ ಗ್ರೀನ್ ಮೆಟ್ಟುವಂತಿಲ್ಲ. ಕ್ಲಬ್ಬಿನ ಕ್ಯಾಪ್ಟನ್ನೂ ಇಲ್ಲ, ಕ್ಯಾಪ್ಟನ್ನನ ಮಾವನೂ ಇಲ್ಲ. ಕಿಲ್‌ಡೌರಿಯಲ್ಲಿ ನೂರಾರು ವರ್ಷದಿಂದ ಆ ಒಂದು ಮಾತಿನಲ್ಲಿ ಮಾತ್ರ ಕೆಲಸದವನು ಯಜಮಾನ, ಯಜಮಾನ ಕೆಲಸದವ. ಕಾರಣ ಸರಳ. ಹೆಪ್ಪುಮಂಜು ಕವಿದ ಹುಲ್ಲಿನ ಎಸಳು ಗಾಜಿನ ಕಡ್ಡಿ. ಮೆಟ್ಟಿದರೆ ಒಳಗೇ ಮುರಿಯುತ್ತದೆ. ಮೆಟ್ಟಿದವನಿಗೆ ಅವತ್ತು ಏನೂ ಕಾಣುವುದಿಲ್ಲ. ಬಿಸಿಲು ಬಂದರೆ ಮಂಜು ಕರಗಿ, ಏನೂ ಆಗಿಯೇ ಇಲ್ಲವೆಂಬಂತೆ ಹಸಿರು ನಗುತ್ತದೆ. ಮೂರನೆಯ ದಿನಕ್ಕೆ ಹೆಜ್ಜೆಗಳು ಒಂದೊಂದಾಗಿ ಕಪ್ಪಗೆ ಎದ್ದು ಬರುತ್ತವೆ, ಏಪ್ರಿಲ್‌ವರೆಗೂ ಹೋಗುವುದಿಲ್ಲ.

ಈಗ ಆ ಕೀಲಿಕೈ ಗಿಬ್‌ನ ಕೊರಳಲ್ಲಿರಲಿಲ್ಲ.

ಹಿಂದಿನ ಜನವರಿಯ ಮಾತು. ಕ್ಲಬ್ಬಿನ ಮೈದಾನ ಸಮಿತಿಯ ಮುಖ್ಯಸ್ಥ ಕ್ರಾಫರ್ಡ್ ಡಾಲ್ಗ್ಲೀಶ್, ನಿವೃತ್ತ ದಂತವೈದ್ಯ, ಎಡಿನ್‌ಬರೋದಿಂದ ಮೂವರು ನೆಂಟರನ್ನು ಆಟಕ್ಕೆ ಕರೆತಂದ. ಕಂಬದ ಮೇಲೆ ಕೆಂಪು ಬಾವುಟ. ಗಿಬ್ ಮೈದಾನದ ಆಚೆ ತುದಿಯಲ್ಲಿ ಚರಂಡಿಯೊಳಗಿದ್ದ. ಡಾಲ್ಗ್ಲೀಶ್ ಹಗ್ಗ ಸಡಿಲಿಸಿ ಬಾವುಟ ಇಳಿಸಿದ, ಸುರುಳಿ ಸುತ್ತಿ ಕಸದ ಡಬ್ಬಿಗೆ ಹಾಕಿದ, ಆಡಿದ. ಮೂರನೆಯ ದಿನ ನಾಲ್ಕನೆಯ ಗ್ರೀನ್ ಸೀದ ರೊಟ್ಟಿಯಂತಾಯಿತು. ಸಮಿತಿಯೆದುರು ಅವನು, “ನಾನು ನೆಂಟರ ಜೊತೆ ಮೊದಲ ಕುಳಿಗೆ ಬಂದಾಗ ಕಂಬದ ಮೇಲೆ ಬಾವುಟ ಇರಲಿಲ್ಲ” ಎಂದ. ಅದು ಅಕ್ಷರಶಃ ನಿಜ. ಅವನೇ ಹತ್ತು ನಿಮಿಷ ಮುಂಚೆ ಬಂದು ಇಳಿಸಿದ್ದ. ಸಮಿತಿಯಲ್ಲಿ ಏಳು ಜನ, ಅವರಲ್ಲಿ ನಾಲ್ವರ ಬಾಯಲ್ಲಿ ಡಾಲ್ಗ್ಲೀಶ್ ಕೂರಿಸಿದ ಹಲ್ಲು. ಅವನ ವಿರುದ್ಧ ಅವರು ಬಾಯಿ ಬಿಡುವುದಾದರೂ ಹೇಗೆ? “ಇಮ್ರಿಯ ಅಲಕ್ಷ್ಯ” ಎಂದು ಬರೆದು, ಕೀಲಿಕೈ ಕಿತ್ತು ಡಾಲ್ಗ್ಲೀಶ್‌ನ ಕೈಗೆ ಕೊಟ್ಟರು. ನೋವಾಗದಂತೆ ಕೀಳುವುದರಲ್ಲಿ ಅವನ ಕೈಗುಣ ದೊಡ್ಡದೆಂದು ಊರೇ ಹೇಳುತ್ತಿತ್ತು. ಗಿಬ್‌ಗೆ ಮಾತ್ರ ನೋವಾಯಿತು.

ಸುತ್ತಲಿನ ಎಂಟು ಹತ್ತು ಮೈದಾನಗಳ ಹುಲ್ಲಿನವರೆಲ್ಲ ವರ್ಷಕ್ಕೊಮ್ಮೆ ಸೇರುವ ಊಟಕ್ಕೆ ಅವನು ಆ ಸಲ ಹೋಗಲಿಲ್ಲ. ಹೆಪ್ಪುಮಂಜಿನಲ್ಲಿ ಗ್ರೀನ್ ತೆರೆದುಬಿಟ್ಟವನು ಎಂದರೆ ಅವರ ನಡುವೆ ಹಸುಗೂಸನ್ನು ಕೈಜಾರಿಸಿದ ಸೂಲಗಿತ್ತಿ ಎಂದ ಹಾಗೆ. ಅವನಿಗೆ ಬೇಕಾಗಿದ್ದು ಎರಡೇ: ಕೀಲಿಕೈ ತಿರುಗಿ ಕೊರಳಿಗೆ ಬರಬೇಕು, ಅದು ಡಾಲ್ಗ್ಲೀಶ್‌ನ ಮುಖ ಕಪ್ಪಾಗುವುದರ ಮೂಲಕವೇ ಬರಬೇಕು. ಒಂದು ಸಿಕ್ಕಿ ಇನ್ನೊಂದು ಸಿಗದಿದ್ದರೆ ಅವನಿಗೆ ಒಪ್ಪಿಗೆಯಿರಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ಗಿಬ್ ಹತ್ತನೆಯ ಕುಳಿಯ ಬಂಕರಿನಲ್ಲಿದ್ದಾಗ ಡಾಲ್ಗ್ಲೀಶ್ ಮೇಲೆ ಬಂದು ನಿಂತ. ವರ್ಷಗಟ್ಟಲೆ ಒಂದು ಕಾಲಲ್ಲಿ ಹಲ್ಲು ಕೊರೆಯುವ ಯಂತ್ರದ ಪೆಡಲು ಒತ್ತಿ ಅವನ ಬಲಪಾದ ಹೊರಕ್ಕೆ ತಿರುಗಿಬಿಟ್ಟಿತ್ತು. ಪಕ್ಕದಲ್ಲಿ ಪ್ಲಮ್, ಅವನ ಗಿಡ್ಡಕಾಲಿನ ಉದ್ದನಾಯಿ.

“ಏನಯ್ಯಾ ಇಮ್ರಿ, ಹದಿನಾಲ್ಕನೇದರ ಬಂಕರ್ ಯಾವಾಗ? ಗೋಡೆ ಸ್ವಲ್ಪ ತಗ್ಗಿಸು. ಆಟ ಆಡೋರು ಮನುಷ್ಯರು, ಮೇಕೆಗಳಲ್ಲ.”

ಹದಿನಾಲ್ಕನೆಯ ಕುಳಿಯ ಬಲಗಡೆಯ ಬಂಕರಿನಲ್ಲಿ ಡಾಲ್ಗ್ಲೀಶ್‌ನ ಚೆಂಡು ಪ್ರತಿ ಶನಿವಾರ ತಪ್ಪದೆ ಹೋಗಿ ಬೀಳುತ್ತಿತ್ತು.

“ಅದು ಕೊನೇಲಿ ಡಾಕ್ಟ್ರೇ. ದವಡೆಹಲ್ಲು ನೀವೂ ಕೊನೇಲೇ ಅಲ್ವಾ ಕೀಳ್ತಿದ್ದದ್ದು?”

“ಬಾಯಿ ಜಾಸ್ತಿ ಆಯ್ತು ನಿಂದು.”

“ನಾನು ತೋರ್ಸಿದ್ದು ನಿಮಗಲ್ವಲ್ಲ, ಅದಕ್ಕೇ ಇನ್ನೂ ನೆಟ್ಟಗಿದೆ.”

ಡಾಲ್ಗ್ಲೀಶ್ ಕೆಮ್ಮಿದ. “ನೆನಪಿರಲಿ. ನನ್ನ ಚೀಟಿ ಇಲ್ಲದೆ ಇಲ್ಲಿ ಬಾವುಟ ಏರಬಾರದು, ಕುಳಿ ಕದಲಬಾರದು. ಚೀಟಿ ಬಂದ್ರೆ ಕೆಲಸ, ಬರದಿದ್ರೆ ಸುಮ್ನೆ ಕೂತ್ಕೋ.”

“ಚೀಟಿ ಇಲ್ದೆ ಕದಲಬಾರದು,” ಎಂದು ಗಿಬ್ ಪಾಠ ಒಪ್ಪಿಸುವವನಂತೆ ಹೇಳಿದ. “ನಾಯಿ ನಿಮ್ಮದೇ ಅಲ್ವಾ? ಮೈದಾನದೊಳಗೆ ನಾಯಿ ಬರಬಾರದು ಅಂತ ಬೋರ್ಡ್ ನೋಡ್ದೆ. ಸಹಿ ನಿಮ್ಮದೇ ಇತ್ತು.”

“ಇದು ದಾರಿ ಮೇಲಿದೆ, ಮೈದಾನದಲ್ಲಿಲ್ಲ,” ಎಂದು ಡಾಲ್ಗ್ಲೀಶ್ ಪ್ಲಮ್‌ನ ಹಗ್ಗ ಎಳೆದುಕೊಂಡು ಹೊರಟ.

ಜನವರಿ ಬೆಚ್ಚಗೆ, ಬರೀ ಮಳೆಯಲ್ಲಿ ಹೋಯಿತು. ಫೆಬ್ರವರಿಯ ಮೊದಲ ವಾರ ಚರಂಡಿ ಕಟ್ಟಿಕೊಂಡು ಗಿಬ್ ನಸುಕಿಗೇ ಬಂದಾಗ ಕಂಡದ್ದು ಇದು: ಹದಿನೆಂಟನೆಯ ಗ್ರೀನಿನ ಮೇಲೆ ಡಾಲ್ಗ್ಲೀಶ್ ಒಬ್ಬನೇ ನಿಂತು, ಕುಳಿಗೆ ಚೆಂಡು ತಳ್ಳುವ ಅಭ್ಯಾಸ ಮಾಡುತ್ತಿದ್ದಾನೆ. ಎಡಪಾದ ನೇರ, ಬಲಪಾದ ಓರೆ. ಕುಳಿಯ ಪಕ್ಕದಲ್ಲಿ ಪ್ಲಮ್ ಕೂತಿದೆ. ಚೆಂಡು ತಗಡಿನ ಬಟ್ಟಲಿಗೆ ಟಣ್ಣೆಂದು ಬಿದ್ದಾಗಲೆಲ್ಲ ಡಾಲ್ಗ್ಲೀಶ್ ಕೋಟಿನ ಜೇಬಿನಿಂದ ಬಿಸ್ಕತ್ತಿನ ಚೂರು ತೆಗೆದು ಅದಕ್ಕೆ ಎಸೆಯುತ್ತಾನೆ. ಮುಗಿದ ಮೇಲೆ ಪಕ್ಕದ ಬಾಗಿಲಿನಿಂದ ಕ್ಲಬ್ಬಿನೊಳಗೆ ಹೋಗಿ, ಒಂಬತ್ತಕ್ಕೆ ಮುಂಬಾಗಿಲಿನಿಂದ ಈಗ ತಾನೇ ಬಂದವನಂತೆ ಹೊರಬರುತ್ತಾನೆ.

ಈ ಕದ್ದ ಅಭ್ಯಾಸಕ್ಕೆ ಕಾರಣವಿತ್ತು. ತಿಂಗಳ ಕೊನೆಯ ಶನಿವಾರ ಹೊಸ ಕ್ಯಾಪ್ಟನ್ ಊರೆದುರು ವರ್ಷದ ಮೊದಲ ಏಟು ಹೊಡೆಯುವ ದಿನ. ಈ ಸಲದ ಹೊಸ ಕ್ಯಾಪ್ಟನ್ ಡಾಲ್ಗ್ಲೀಶ್. ಏಟಾದ ಮೇಲೆ ಹದಿನೆಂಟನೆಯ ಗ್ರೀನಿನಲ್ಲಿ ಒಂದು ಚೆಂಡನ್ನು ಕುಳಿಗೆ ತಳ್ಳಿ ತೋರಿಸುವುದೂ ಪದ್ಧತಿ.

ಗಿಬ್ ಚರಂಡಿಯ ಕೆಲಸ ಬಿಟ್ಟು ಮುಳ್ಳುಪೊದೆಯ ಹಿಂದೆ ಕೂತು ಚಹಾ ಕುಡಿದ. ಒಂದು ವರ್ಷದಿಂದ ಚಹಾ ಅವನಿಗೆ ಅಷ್ಟು ರುಚಿಸಿರಲಿಲ್ಲ.

ಮರುದಿನವೂ, ಅದರ ಮರುದಿನವೂ ಅದೇ ನೋಟ. ಆಮೇಲೆ ಅವನು ಮಾಡಿದ್ದು ಇಷ್ಟೇ: ಕಾದ. ಕೊನೆಯ ಶನಿವಾರದ ವಾರ, ಸೋಮವಾರ ಸಂಜೆ ಗಾಳಿ ಸತ್ತಿತು. ಆಕಾಶ ತೊಳೆದಿಟ್ಟ ತಟ್ಟೆಯಂತಾಯಿತು. ನಾಳೆ ಬೆಳಗ್ಗೆ ಹೆಪ್ಪುಮಂಜು ಬೀಳುತ್ತದೆಂದು ಗಿಬ್‌ನ ಮೊಣಕಾಲು ರೇಡಿಯೋಗಿಂತ ಮುಂಚೆ ಹೇಳಿತು. ಅಂಥ ಸಂಜೆ ಹುಲ್ಲಿನವರು ಮೊದಲು ಮಾಡುವ ಕೆಲಸವೆಂದರೆ ಗ್ರೀನುಗಳ ಕುಳಿಯೊಳಗಿನ ತಗಡಿನ ಬಟ್ಟಲು ಕಿತ್ತು, ಕೆಳಗಿನ ಒರಟು ಹುಲ್ಲಿನ ಮೇಲೆ ಚಳಿಗಾಲದ ಕುಳಿ ತೋಡಿ ಅಲ್ಲಿಡುವುದು. ಕುಳಿಯಿಲ್ಲದ ಗ್ರೀನಿಗೆ ಯಾರೂ ಕಾಲಿಡುವುದಿಲ್ಲ.

ಇಶ್‌ಬೆಲ್ ಕೈಗೆ ಮೆತ್ತಿದ ಎಣ್ಣೆ ಒರೆಸಿಕೊಳ್ಳುತ್ತ ಹೊರಬಂದಳು. “ಏ ಮುದುಕಪ್ಪ, ಬಟ್ಟಲುಗಳೆಲ್ಲ ಅಲ್ಲಲ್ಲೇ ಇವೆ, ಹದಿನೆಂಟರದೂ. ಮರೆತ್ಯಾ?”

“ಚೀಟಿ ಬಂದಿಲ್ಲ.”

“ಎಂಥಾ ಚೀಟಿ ಮಾರಾಯ? ಆ ಹಲ್ಲುಗಳ್ಳ ಎಡಿನ್‌ಬರೋಲಿ ಊಟಕ್ಕೆ ಹೋಗಿದ್ದಾನೆ, ಬರೋದು ನಡುರಾತ್ರಿಗೆ. ನಾಳೆ ಹೆಪ್ಪು ಬೀಳುತ್ತೆ, ನನ್ನ ಮೂಗಿಗೇ ಗೊತ್ತಾಗ್ತಿದೆ.”

“ಚೀಟಿ ಇಲ್ದೆ ಕುಳಿ ಕದಲಬಾರದು. ಅಪ್ಪಣೆ.”

ಇಶ್‌ಬೆಲ್ ಅವನ ಮುಖವನ್ನು ಅಲಗಿನ ಅಂಚು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದಳು. “ನೀನು ಏನೋ ಮಸೀತಿದ್ದೀಯ.”

“ನೀನೊಬ್ಳೇನಾ ಮಸಿಯೋದು?”

“ಹದಿನೆಂಟು ನಿನ್ನ ಕೂಸಲ್ಲೇನೋ?”

ಗಿಬ್ ಸೈಕಲ್ಲು ಹತ್ತಿ ಮನೆಗೆ ಹೋದ.

ಅವನ ಹೆಂಡತಿ ನೆಟ್ಟಾ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಸೂಪು ಬಡಿಸುವವಳು. ಹೆಸರಿಗೆ ತಕ್ಕಂತೆ ಮಾತೂ ನೆಟ್ಟಗೆ. ಅವನು ಆಲೂಗಡ್ಡೆಯನ್ನು ಮುಳ್ಳುಚಮಚದಿಂದ ಇರಿಯುತ್ತಿದ್ದ ರೀತಿಯಲ್ಲೇ ಅವಳಿಗೆ ಅರ್ಧ ಗೊತ್ತಾಯಿತು, ಉಳಿದರ್ಧ ಕೇಳಿ ತಿಳಿದುಕೊಂಡಳು.

“ಅಂದ್ರೆ ಅವನು ಬಂದು ಮೆಟ್ಟಲಿ ಅಂತ ಬಿಟ್ಟು ಬಂದ್ಯಾ?”

“ನಾನೇನೂ ಮಾಡಿಲ್ಲ.”

“ಅದನ್ನೇ ಹೇಳ್ತಿರೋದು. ನಲವತ್ತೆರಡು ವರ್ಷದಲ್ಲಿ ಮೊದಲ್ನೇ ಸಲ ನೀನು ಏನೂ ಮಾಡಿಲ್ಲ. ಅವನು ಕೆಟ್ಟೋನು, ಸರಿ. ಹುಲ್ಲು ನಿಂಗೇನು ಮಾಡಿತ್ತು?”

ಮುಳ್ಳುಚಮಚ ನಿಂತಿತು. “ನಾಲ್ಕನೇದು ಸತ್ತಾಗ ಊರೆಲ್ಲ ನಾನೇ ಕೊಂದೆ ಅಂತು, ನೆಟ್ಟಾ.”

“ಈಗ ಹದಿನೆಂಟನ್ನ ನಿಜವಾಗ್ಲೂ ಕೊಲ್ತೀಯ. ತಿನ್ನು, ಆರುತ್ತೆ.”

ಮರುದಿನ ಏಳೂವರೆಗೆ ಗಿಬ್ ಮುಳ್ಳುಪೊದೆಯ ಹಿಂದಿದ್ದ. ಬೆಳಕು ಇನ್ನೂ ಬೂದಿಬಣ್ಣ. ಹದಿನೆಂಟನೆಯ ಗ್ರೀನ್ ಸಕ್ಕರೆ ಚೆಲ್ಲಿದಂತೆ ಬೆಳ್ಳಗೆ, ಒಂದು ಹಕ್ಕಿಯ ಗೆರೆಯೂ ಇಲ್ಲದೆ ಮಲಗಿತ್ತು. ಬಟ್ಟಲು ಕೀಳಲು ಇನ್ನೂ ಸಮಯವಿತ್ತು. ಅಂಚಿನಿಂದ ಉದ್ದ ಕೋಲು ಚಾಚಿದರೆ ಸಾಕು. ಕೋಲು ಕೈಯಲ್ಲೇ ಇತ್ತು. ಅಷ್ಟರಲ್ಲಿ ಪಕ್ಕದ ಗೇಟು ಕಿರುಗುಟ್ಟಿತು.

ಡಾಲ್ಗ್ಲೀಶ್ ಗ್ರೀನಿನ ಅಂಚಿನಲ್ಲಿ ನಿಂತು ಬೂಟಿನ ತುದಿಯಿಂದ ಮಂಜನ್ನು ಮುಟ್ಟಿ ನೋಡಿದ. ‘ಇಷ್ಟು ತೆಳ್ಳಗಿನದು ಏನು ಮಾಡೀತು’ ಎಂಬಂತೆ ಭುಜ ಕುಣಿಸಿದ. ಆಮೇಲೆ ಕಾಲಿಟ್ಟ.

ಆ ಸದ್ದು ಗಿಬ್‌ಗೆ ಮೂವತ್ತು ಗಜ ದೂರಕ್ಕೆ ಕೇಳಿಸಿತು: ಕರುಂ. ಅವನ ಗಂಟಲೊಳಗೆ ಒಂದು ಕೂಗು ತಾನಾಗಿಯೇ ಎದ್ದು ಬಾಗಿಲಿಗೆ ಬಂತು. ನಲವತ್ತೆರಡು ವರ್ಷ ಎಂಥೆಂಥ ದೊಡ್ಡವರನ್ನೋ ನಿಂತಲ್ಲೇ ಕಲ್ಲು ಮಾಡಿದ್ದ ಕೂಗು ಅದು. ಗಿಬ್ ಟೋಪಿ ತೆಗೆದು ಬಾಯಿಗೆ ಒತ್ತಿಕೊಂಡ. ಕರುಂ, ಕರುಂ. ಎಡಪಾದ ನೇರ, ಬಲಪಾದ ಓರೆ, ಟಣ್, ಬಿಸ್ಕತ್ತು. ಒಂದು ಗಜ ಹಿಂದೆ. ಮತ್ತೆ. ಪ್ರತಿ ಹೆಜ್ಜೆಗೂ ಅವನ ಬೆನ್ನು ಬಗ್ಗುತ್ತ ಹೋಯಿತು, ಆದರೆ ಎಣಿಸುವುದನ್ನು ಅವನು ಬಿಡಲಿಲ್ಲ. ಇಪ್ಪತ್ತಾರು ನಿಲುವು. ಪ್ಲಮ್ ಬಿಸ್ಕತ್ತಿನ ಸಂತೋಷಕ್ಕೆ ಕುಳಿಯ ಸುತ್ತ ಪ್ರದಕ್ಷಿಣೆ ಹಾಕಿ, ಬಂದ ದಾರಿಯಲ್ಲೇ ಓಡಾಡಿತು.

ಎಂಟು ಗಂಟೆಗೆ ಡಾಲ್ಗ್ಲೀಶ್ ಮೊದಲ ಕುಳಿಗೆ ಹೋಗಿ, ಜೇಬಿನಿಂದ ಹಿತ್ತಾಳೆ ಕೀಲಿಕೈ ತೆಗೆದು, ಪೆಟ್ಟಿಗೆ ತೆರೆದು, ಬೇರೆ ಯಾರೂ ಗ್ರೀನ್ ಹಾಳು ಮಾಡದಿರಲೆಂದು ಕೆಂಪು ಬಾವುಟ ಏರಿಸಿದ.

ಗಿಬ್ ಟೋಪಿ ತಲೆಗಿಟ್ಟುಕೊಂಡ. ಅದರ ಅಂಚಿನಲ್ಲಿ ಅವನ ಹಲ್ಲಿನ ಗುರುತು ಮೂಡಿತ್ತು.

ಶುಕ್ರವಾರ ಬೆಳಗ್ಗೆ ಡಾಲ್ಗ್ಲೀಶ್ ಕೊಟ್ಟಿಗೆಗೆ ಓಡಿಬಂದ. ಹಾಗೆ ಓಡುವಾಗ ಅವನ ಎರಡು ಪಾದಗಳು ಎರಡು ಊರಿಗೆ ಹೋಗುವಂತೆ ಕಾಣುತ್ತಿತ್ತು.

“ಇಮ್ರಿ! ಹದಿನೆಂಟು ನೋಡಿದ್ಯಾ? ಕಪ್ಪು! ಮೈಮೇಲೆಲ್ಲ ಕಪ್ಪು! ನಾಳೆ ಊರೆಲ್ಲ ಬರ್ತಾರೆ. ಈಗಲೇ ಕಿತ್ತು ಬೇರೆ ಹೆಂಟೆ ಹಾಕು.”

“ನೆಲ ಕಬ್ಬಿಣ ಆಗಿದೆ ಡಾಕ್ಟ್ರೇ. ಗುದ್ದಲಿ ಇಳಿಯಲ್ಲ. ಮಾರ್ಚ್ ಆಗಲಿ.”

“ಬಣ್ಣ ಬಳಿ!”

“ಹುಲ್ಲಿಗಾ?” ಇಶ್‌ಬೆಲ್ ತಲೆಯೆತ್ತಿದಳು. “ಡಾಕ್ಟ್ರು ಹುಳುಕು ಹಲ್ಲಿಗೂ ಹಂಗೇ ಮಾಡ್ತಿದ್ರಾ?”

“ಗಾಯ ಆದ ಗ್ರೀನಿಗೆ ನಾವು ಏನು ಮಾಡ್ತೀವೋ ಅದನ್ನ ಮಾಡ್ತೀನಿ,” ಎಂದ ಗಿಬ್. “ಮತ್ತೆ ಯಾರೂ ಮೆಟ್ಟದ ಹಾಗೆ ಗುರುತು ಹಾಕ್ತೀನಿ. ಪದ್ಧತಿ.”

ಬಟ್ಟಲನ್ನು ಬೇರೆಡೆ ಇಡಲು ಅವನು ಚೀಟಿ ಕೇಳಿದ. ಡಾಲ್ಗ್ಲೀಶ್‌ಗೆ ಅದು ಕೇಳಿಸಲೇ ಇಲ್ಲ.

ಶನಿವಾರ ಕ್ಲಬ್ಬಿನ ಮೊಗಸಾಲೆಯಲ್ಲಿ ಇನ್ನೂರು ಜನ, ಕೈಯಲ್ಲಿ ವಿಸ್ಕಿ, ಎದುರಿಗೆ ಹದಿನೆಂಟನೆಯ ಗ್ರೀನ್. ಅದರ ಮೇಲೆ ಗಿಬ್ ಬೆಳಗ್ಗೆಯಿಂದ, ಹಲಗೆ ಹಾಸಿಕೊಂಡು, ಸಲಾಕೆಯಿಂದ ತೂತು ಹೊಡೆದು, ಪ್ರತಿ ಹೆಜ್ಜೆಯ ಪಕ್ಕ ಒಂದೊಂದು ಬಿದಿರುಕಡ್ಡಿ ನೆಟ್ಟಿದ್ದ. ಕಡ್ಡಿಯ ತುದಿಗೆ ಬಿಳಿ ಬಟ್ಟೆ. ಇಪ್ಪತ್ತಾರು ಜೊತೆ ಹೆಜ್ಜೆಗೆ ಐವತ್ತೆರಡು ಕಡ್ಡಿ. ಗಾಳಿಗೆ ಅವೆಲ್ಲ ಒಟ್ಟಿಗೆ ಪಟಪಟನೆ ಚಪ್ಪಾಳೆ ತಟ್ಟುತ್ತಿದ್ದವು.

ಇಳಿಯಲಿದ್ದ ಕ್ಯಾಪ್ಟನ್ ಮಿಸೆಸ್ ಓರಕ್ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಎಪ್ಪತ್ತೆರಡರಲ್ಲೂ ಬಾಯಿ ತುಂಬ ಸ್ವಂತ ಹಲ್ಲು. ಆದ್ದರಿಂದ ಯಾರ ಹಂಗೂ ಇಲ್ಲ. ಅವಳು ಕೋಲೂರಿಕೊಂಡು ಗ್ರೀನಿನ ಅಂಚಿಗೆ ಬಂದಳು.

“ಏನಪ್ಪಾ ಗಿಬ್ ಇದು?”

“ಹೆಪ್ಪುಮಂಜಿನಲ್ಲಿ ಮೆಟ್ಟಿದ್ದು, ಮೇಡಮ್. ಮಂಗಳವಾರದ್ದು.”

“ಮಂಗಳವಾರ ಬಾವುಟ ಏರಿತ್ತಲ್ಲ? ನಾನೇ ನೋಡಿದ್ದೆ.”

“ಏರಿತ್ತು. ಕೀಲಿಕೈ ಯಾರ ಹತ್ರ ಇದೆ ಅಂತ ನಿಮಗೆ ಗೊತ್ತೇ ಇದೆ.”

ಡಾಲ್ಗ್ಲೀಶ್ ನಡುವೆ ನುಗ್ಗಿದ. ಮೈಮೇಲೆ ಹೊಸ ಕ್ಯಾಪ್ಟನ್ನನ ಕೆಂಪು ಕೋಟು, ಕುತ್ತಿಗೆಗೆ ಬೆಳ್ಳಿ ಪದಕ. “ಇದರಲ್ಲಿ ಕೇಳೋದೇನಿದೆ? ಈ ಕೆಲಸದವರೇ ಬೂಟು ಹಾಕ್ಕೊಂಡು ಓಡಾಡಿದ್ದಾರೆ. ಹೋದ ವರ್ಷ ನಾಲ್ಕನೇದು, ಈ ವರ್ಷ ಇದು. ನಾನು ಅವತ್ತೇ ಹೇಳಿದ್ದೆ. ನಾನಂತೂ ಒಂಬತ್ತಕ್ಕೆ ಮುಂಚೆ ಇಲ್ಲಿ ಕಾಲೇ ಇಟ್ಟಿಲ್ಲ.”

ನಾಲ್ಕು ದಿನದಿಂದ ಗಿಬ್ ಕಾದಿದ್ದು ಆ ಕೊನೆಯ ವಾಕ್ಯಕ್ಕೆ. ಅವನು ಬಗ್ಗಿ, ಕಾಲಬಳಿ ಇಟ್ಟಿದ್ದ ತನ್ನ ಚಹಾದ ತಗಡಿನ ಬಟ್ಟಲಿನಂಚಿಗೆ ಚಮಚದಿಂದ ಮೆಲ್ಲಗೆ ಒಮ್ಮೆ ಹೊಡೆದ. ಟಣ್.

ಮೊಗಸಾಲೆಯ ಮೆಟ್ಟಿಲ ಬಳಿ ಯಾರದೋ ಕೈಯಲ್ಲಿದ್ದ ಪ್ಲಮ್ ಹಗ್ಗ ಕೊಸರಿಕೊಂಡು ಓಡಿತು. ಗ್ರೀನಿನ ಮೇಲೆ ಅದಕ್ಕೊಂದು ದಾರಿಯಿತ್ತು. ಪುಟ್ಟ ಕಪ್ಪು ಚುಕ್ಕಿಗಳ ದಾರಿ, ಅದರದೇ ಪಂಜಗಳದು. ಬಿಳಿ ಬಟ್ಟೆಗಳ ನಡುವೆ ಅದೇ ದಾರಿಯಲ್ಲಿ ಬಳುಕುತ್ತ ಹೋಗಿ, ಕುಳಿಯನ್ನು ಒಂದು ಸುತ್ತು ಹಾಕಿ, ಕೂತು, ಡಾಲ್ಗ್ಲೀಶ್‌ನ ಕೋಟಿನ ಜೇಬನ್ನೇ ನೋಡುತ್ತ ಬಾಲ ಬಡಿಯಿತು.

ಇನ್ನೂರು ಜನ ಮೊದಲು ನಾಯಿಯನ್ನು ನೋಡಿದರು, ಆಮೇಲೆ ನೇರ ಎಡಹೆಜ್ಜೆ ಓರೆ ಬಲಹೆಜ್ಜೆಗಳನ್ನು, ಆಮೇಲೆ ಹುಲ್ಲಿನ ಅಂಚಿನಲ್ಲಿ ಹಾಗೆಯೇ ನಿಂತಿದ್ದ ಹೊಳೆಯುವ ಎರಡು ಬೂಟುಗಳನ್ನು.

“ಬಿಸ್ಕತ್ತು ಕೇಳ್ತಿದೆ, ಕ್ರಾಫರ್ಡ್,” ಎಂದಳು ಮಿಸೆಸ್ ಓರಕ್. “ಕೊಡು, ಪಾಪ. ಕೊಟ್ಟು, ಆ ಕೀಲಿಕೈ ಇಲ್ಲಿ ಕೊಡು.”

ಯಾರೋ ಕಿಸಕ್ಕೆಂದರು. ಆಮೇಲೆ ಕೃತಕ ಹಲ್ಲಿನವರೂ ಸ್ವಂತ ಹಲ್ಲಿನವರೂ ಸೇರಿ ನಕ್ಕರು. ಡಾಲ್ಗ್ಲೀಶ್ ಬಿಸ್ಕತ್ತನ್ನೂ ಕೊಡಲಿಲ್ಲ, ಮೊದಲ ಏಟನ್ನೂ ಹೊಡೆಯಲಿಲ್ಲ. ಬೆಳ್ಳಿ ಪದಕ ತೆಗೆದು ಮೇಜಿನ ಮೇಲಿಟ್ಟು, ಗೇಟಿನಾಚೆ ಹೋದ. ಪ್ಲಮ್ ತುಂಬ ಹೊತ್ತು ಕುಳಿಯ ಬಳಿಯೇ ಕೂತಿತ್ತು.

ಕೀಲಿಕೈ ಕೊರಳಿಗೆ ಬಂತು. “ಹೋದ ವರ್ಷದ ‘ಅಲಕ್ಷ್ಯ’ ಸಮಿತಿಯ ಪುಸ್ತಕದಿಂದ ಹೊಡೆದು ಹಾಕಿಸ್ತೀನಿ” ಎಂದಳು ಮಿಸೆಸ್ ಓರಕ್. “ಈಗ ಸಮಾಧಾನ ಆಯ್ತಾ?” ಎಂದು ಆ ಸಂಜೆ ನೆಟ್ಟಾ ಕೇಳಿದಳು. “ಆಗ್ತಾ ಇದೆ,” ಎಂದ ಗಿಬ್. ಪೂರ್ತಿ ಆಗಿರಲಿಲ್ಲ. ಹದಿನೆಂಟನೆಯ ಗ್ರೀನಿನ ಮುಂದೆ ಅವನು ತಿಂಗಳವರೆಗೆ ತಲೆ ತಗ್ಗಿಸಿಯೇ ನಡೆದ. ಅದರ ಕ್ಷಮೆ ಕೇಳಲು ಅವನಿಗೆ ಗೊತ್ತಿದ್ದ ಭಾಷೆ ಗೊಬ್ಬರ, ಬೀಜ, ಸಣ್ಣ ಮರಳು ಅಷ್ಟೇ. ಇಪ್ಪತ್ತೈದು ಜೊತೆ ಹೆಜ್ಜೆಗೆ ಮೊಣಕಾಲೂರಿ ಒಂದೊಂದಾಗಿ ಬೀಜ ಹಾಕಿದ.

ಇಪ್ಪತ್ತಾರನೆಯ ಜೊತೆಗೆ ಹಾಕಲಿಲ್ಲ. ಮಾರ್ಚಿನಲ್ಲಿ ನೆಲ ಸಡಿಲವಾದ ಮೊದಲ ದಿನ ಅದನ್ನು ಹೆಂಟೆಸಮೇತ ಚೌಕಾಕಾರವಾಗಿ ಕತ್ತರಿಸಿ ಎತ್ತಿ, ಆ ಜಾಗಕ್ಕೆ ಒಳ್ಳೆಯ ಹೆಂಟೆ ಕೂರಿಸಿ, ಎತ್ತಿದ್ದನ್ನು ಕೈಗಾಡಿಯಲ್ಲಿಟ್ಟುಕೊಂಡು ಹದಿನಾಲ್ಕನೆಯ ಕುಳಿಗೆ ನಡೆದ. ಕಟ್ಟಬೇಕಾದ ಬಂಕರುಗಳಲ್ಲಿ ಅಲ್ಲಿನ ಬಲಗಡೆಯದೊಂದೇ ಉಳಿದಿತ್ತು. ಇಶ್‌ಬೆಲ್ ಹಿಂದೆಯೇ ಬಂದು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು.

“ಅವನು ಇನ್ನು ಆಡೋಕ್ಕೆ ಬರ್ತಾನೆ ಅಂತೀಯ?”

“ಬರ್ತಾನೆ. ಆಟದ ಚಟ ಹಲ್ಲುನೋವಿದ್ದಂಗೆ, ಮರ್ಯಾದೆ ನೋಡಲ್ಲ. ಬಂದ್ರೆ ಚೆಂಡು ಇಲ್ಲೇ ಬೀಳುತ್ತೆ.”

ಗಿಬ್ ಆ ಎರಡು ಕಪ್ಪು ಹೆಜ್ಜೆಗಳ ಹೆಂಟೆಯನ್ನು ಬಂಕರಿನ ತಳದ ಮೊದಲ ಸಾಲಿನಲ್ಲಿ ಬೋರಲಾಗಿ ಇಟ್ಟ, ಹಿಮ್ಮಡಿಯಿಂದ ಒಮ್ಮೆ, ಮತ್ತೊಮ್ಮೆ, ಚೆನ್ನಾಗಿ ಒತ್ತಿದ. ಅದರ ಮೇಲೆ ಎರಡನೆಯ ಸಾಲು ಬೆರಳಗಲ ಹಿಂದಕ್ಕೆ, ಮೂರನೆಯದು, ನಾಲ್ಕನೆಯದು. ನಕ್ಷೆಯಲ್ಲಿ ಬರೆದದ್ದು ಮೂವತ್ತಾರು ಸಾಲು; ಡಾಲ್ಗ್ಲೀಶ್ ಕೇಳಿದ್ದು ಅದಕ್ಕೂ ತಗ್ಗು. ನಾಲ್ಕನೆಯ ದಿನ ಮೂವತ್ತಾರು ಮುಗಿದಾಗ ಇಶ್‌ಬೆಲ್ ಸಲಕರಣೆ ಎತ್ತಿಕೊಳ್ಳಲು ಬಗ್ಗಿದಳು.

“ಇರು,” ಎಂದ ಗಿಬ್. “ಇನ್ನೆರಡು ಸಾಲು ತಾ.”